ಹತ್ತು ಬಿತ್ತನೆಗಾಯಿಗಳ ಜೊತೆ ನಾಲ್ಕು ದಿನ

ಮೊದಲ ದಿನ: ದಾವಣಗೆರೆ

ರೈಲಿನಿಂದ ಮೊದಲು ಇಳಿದದ್ದು ಒಂದು ಗೋಣಿಚೀಲ. ಅದರ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಎಪ್ಪತ್ತು ದಾಟಿದ ಹಿರಿಯರೊಬ್ಬರು ಇಳಿದರು. ಅವರ ಹಿಂದೆ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು, ಕೊನೆಗೆ ಎರಡು ಬ್ಯಾಗು ಹೊತ್ತ ಯುವಕ. 2025ರ ಫೆಬ್ರುವರಿಯ ಆ ಮಧ್ಯಾಹ್ನ ದಾವಣಗೆರೆ ನಿಲ್ದಾಣದಲ್ಲಿ ಅವರಿಗಾಗಿ ಕಾಯುತ್ತಿದ್ದ, 2018ರಲ್ಲಿ ಅವರ ಊರಿಗೆ ನೆರವಿನ ಲಾರಿ ಕಳುಹಿಸಿದ್ದ ನಮ್ಮ ಬಳಗದ ನಾಲ್ವರಲ್ಲಿ ನಾನೊಬ್ಬನೇ ಅವರನ್ನು ಮೊದಲೇ ಕಂಡಿದ್ದವನು. ತಂಜಾವೂರು ಜಿಲ್ಲೆಯ ಪೇರಾವೂರಣಿ ಸೀಮೆಯ ಈ ಮೂವರೂ ತೆಂಗು ಬೆಳೆಗಾರರು. ಹಿಂದಿನ ಸಂಜೆ ತಂಜಾವೂರಿನಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ಇಳಿದು, ಮತ್ತೊಂದು ರೈಲು ಹಿಡಿದು ಬಂದಿದ್ದರೂ ಹಿರಿಯರ ಮುಖದಲ್ಲಿ ದಣಿವಿಗಿಂತ ಆ ಚೀಲದ ಮೇಲಿನ ಎಚ್ಚರವೇ ಹೆಚ್ಚಾಗಿ ಕಾಣುತ್ತಿತ್ತು. ನಾನು ಹೊರಲು ಕೈಚಾಚಿದಾಗ ಅವರು ಕೊಡಲಿಲ್ಲ. ಚೀಲದಲ್ಲಿ ಸುಲಿಯದ ಹತ್ತು ತೆಂಗಿನಕಾಯಿಗಳಿವೆಯೆಂದೂ, ಅವು ಗಜ ಚಂಡಮಾರುತ ಬಂದ ರಾತ್ರಿ ಬೀಳದೆ ನಿಂತ ಮರಗಳ ಕಾಯಿಗಳೆಂದೂ, ಬರದಲ್ಲಿ ತೆಂಗು ಕಳೆದುಕೊಂಡ ಹಿರಿಯೂರಿನ ರೈತರಿಗೆ ಬಿತ್ತನೆಗೆಂದು ತಂದದ್ದೆಂದೂ ಯುವಕ ಕನ್ನಡದಲ್ಲೇ ಹೇಳಿದ.

ಗಜ ಎಂಬ ಹೆಸರನ್ನು ಆ ಚಂಡಮಾರುತಕ್ಕೆ ಸೂಚಿಸಿದ್ದು ಶ್ರೀಲಂಕಾ. 2018ರ ನವೆಂಬರ್ 15 ಕಳೆದು 16 ಹುಟ್ಟುವ ನಡುರಾತ್ರಿಯ ಮೇಲೆ ಅದು ನಾಗಪಟ್ಟಿಣಂ ಮತ್ತು ವೇದಾರಣ್ಯಂ ನಡುವೆ ದಡ ಹತ್ತಿತು. ಗಂಟೆಗೆ 100ರಿಂದ 110 ಕಿಲೋಮೀಟರ್ ವೇಗದ, ಆಗಾಗ 120ಕ್ಕೆ ಏರುವ ಗಾಳಿಯೊಡನೆ ತಿರುವಾರೂರು, ತಂಜಾವೂರು, ಪುದುಕ್ಕೋಟ್ಟೈ ಜಿಲ್ಲೆಗಳನ್ನು ತುಳಿದುಕೊಂಡು ಪಶ್ಚಿಮಕ್ಕೆ ಹೋಯಿತು. ಕಬ್ಬಿನ ಗದ್ದೆಗೆ ಆನೆಯ ಹಿಂಡು ನುಗ್ಗಿದರೆ ಬೆಳಿಗ್ಗೆ ಏನು ಕಾಣುತ್ತದೆ ಎಂಬುದು ನಮ್ಮ ಮಲೆನಾಡಿನ ಅಂಚಿನ ರೈತರಿಗೆ ಗೊತ್ತು. ಪಟ್ಟುಕ್ಕೋಟ್ಟೈಯಿಂದ ಪೇರಾವೂರಣಿಯವರೆಗಿನ ರಸ್ತೆಯ ಎರಡೂ ಬದಿಯಲ್ಲಿ ನಾನು ಆ ವಾರ ಕಂಡದ್ದು ಅದೇ ನೋಟ, ಆದರೆ ಅಲ್ಲಿ ಮಲಗಿದ್ದದ್ದು ಕಬ್ಬಲ್ಲ, ಮೂವತ್ತು ನಲವತ್ತು ವರ್ಷದ ತೆಂಗಿನ ಮರಗಳು.

ಊಟ ಮುಗಿಸಿ, ಸ್ವಲ್ಪ ವಿಶ್ರಾಂತಿಯ ನಂತರ, ಹಿರಿಯರ ಇಚ್ಛೆಯಂತೆ ಅವರನ್ನು ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋದೆವು. 2018ರಲ್ಲಿ ನಮ್ಮ ಲಾರಿಯಲ್ಲಿ ಹೋಗಿದ್ದ ಸಾಮಾನುಗಳಲ್ಲಿ ಅವರು ಇಂದಿಗೂ ನೆನೆಯುವುದು ಮಂಡಕ್ಕಿಯ ಮೂಟೆಗಳನ್ನೇ. ಅವರ ಭಾಷೆಯಲ್ಲಿ ಅದು ಪೊರಿ. ಒಲೆ ಬೇಡ, ನೀರು ಕಾಯಿಸುವುದು ಬೇಡ, ಸೌದೆಯೆಲ್ಲ ನೆನೆದಿರುವಾಗಲೂ ಮಗುವಿನ ಕೈಗೆ ಒಂದು ಹಿಡಿ ಕೊಟ್ಟರೆ ಅದು ಊಟ. ಬಿಸಿ ಮರಳಿನಲ್ಲಿ ಅಕ್ಕಿ ಅರಳುವುದನ್ನು, ಹೊಗೆಯಿಂದ ಕಪ್ಪಾದ ಗೋಡೆಗಳ ನಡುವೆ ಬೆವರುತ್ತ ಕೆಲಸ ಮಾಡುವವರನ್ನು ಹಿರಿಯರು ಬಹಳ ಹೊತ್ತು ನೋಡಿದರು. ಅಂದು ಕೂಲಿಯಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟು ಮೂಟೆ ತುಂಬಿಸಿದ್ದ ಭಟ್ಟಿಯವರೊಬ್ಬರು ಅಲ್ಲಿಯೇ ಇದ್ದರು. ಹಿರಿಯರು ಅವರ ಕೈಗಳನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಅನುವಾದ ಮಾಡಲು ಯುವಕನೂ ಮುಂದಾಗಲಿಲ್ಲ.

ಆದರೆ ಅದೇ ಲಾರಿಯ ಅರ್ಧಭಾಗದಲ್ಲಿ ಇದ್ದದ್ದು ಹಳೆಯ ಬಟ್ಟೆ. ಬಟ್ಟೆ ಗಿರಣಿಗಳ ಊರೆಂದು ಹೆಸರಾದ ದಾವಣಗೆರೆಯಲ್ಲಿ ಬಟ್ಟೆ ಕೇಳಿದರೆ ಜನ ಧಾರಾಳವಾಗಿ ಕೊಡುತ್ತಾರೆ. ಎರಡು ದಿನದಲ್ಲಿ ಗೋದಾಮು ತುಂಬಿತ್ತು. ಕೊಟ್ಟವರ ಮನಸ್ಸು ಒಳ್ಳೆಯದೇ, ಸಂಗ್ರಹಿಸಿದ ನಮ್ಮ ಮನಸ್ಸೂ ಒಳ್ಳೆಯದೇ. ಆದರೆ ನಾವು ಒಂದು ದೂರವಾಣಿ ಕರೆ ಮಾಡಿ ಅಲ್ಲಿ ಏನು ಬೇಕೆಂದು ಕೇಳಿರಲಿಲ್ಲ, ಮತ್ತು ಆ ತಪ್ಪು ನನ್ನದೂ ಹೌದು. 2004ರ ಸುನಾಮಿಯ ನಂತರ ನಾಗಪಟ್ಟಿಣದ ರಸ್ತೆ ಬದಿಗಳಲ್ಲಿ ಯಾರೂ ತೊಡದ ಹಳೆಯ ಬಟ್ಟೆಗಳು ರಾಶಿ ಬಿದ್ದು ಕೊಳೆತದ್ದನ್ನು ಆ ಕರಾವಳಿಯವರು ಕಣ್ಣಾರೆ ಕಂಡಿದ್ದರು. ಹದಿನಾಲ್ಕು ವರ್ಷಗಳ ನಂತರ ನಾವು ಮತ್ತೆ ಅದನ್ನೇ ಹೊತ್ತು ಹೋಗಿದ್ದೆವು. ಈ ಸಂಜೆ ಆ ಮಾತನ್ನು ನಾನೇ ಎತ್ತಿದೆ. ಜೊತೆಗಿದ್ದ ಹೆಣ್ಣುಮಗಳು ಸ್ವಲ್ಪ ಯೋಚಿಸಿ, ಬಟ್ಟೆ ವಿಂಗಡಿಸಲು ನಾಲ್ಕು ಹೆಂಗಸರು ಎರಡು ದಿನ ಕುಳಿತಿದ್ದರೆಂದೂ, ಆ ಎರಡು ದಿನ ತಮ್ಮ ತಮ್ಮ ಅಂಗಳದಲ್ಲಿ ಬಿದ್ದ ಮರ ಎತ್ತಲು ಬೇಕಾಗಿದ್ದವೆಂದೂ ಸಮಾಧಾನದಿಂದಲೇ ಹೇಳಿದರು. ಆ ಸಮಾಧಾನ ನನ್ನನ್ನು ಹೆಚ್ಚು ಕಲಕಿತು.

ಅಂದು ಅಲ್ಲಿ ನಿಜವಾಗಿ ಬೇಕಾಗಿದ್ದದ್ದು ಮರ ಕತ್ತರಿಸುವ ಯಂತ್ರ, ಅದಕ್ಕೆ ಎಣ್ಣೆ, ಅದನ್ನು ನಡೆಸಬಲ್ಲ ಕೈ, ಮತ್ತು ಜನರೇಟರ್. ಎಂಬತ್ತು ಸಾವಿರಕ್ಕೂ ಹೆಚ್ಚು ವಿದ್ಯುತ್ ಕಂಬಗಳು ಉರುಳಿದ್ದರಿಂದ ಎಷ್ಟೋ ಹಳ್ಳಿಗಳು ವಾರಗಟ್ಟಲೆ ಕತ್ತಲಲ್ಲಿದ್ದವು. ಕತ್ತಲೆಗಿಂತ ದೊಡ್ಡ ಕಷ್ಟವೆಂದರೆ ಕೊಳವೆಬಾವಿಯ ಮೋಟಾರು ತಿರುಗದೆ ಕುಡಿಯುವ ನೀರು ನಿಂತದ್ದು. ಬಾಡಿಗೆಯ ಜನರೇಟರ್ ಊರಿಂದೂರಿಗೆ ತಿರುಗಿ ನೀರಿನ ಟ್ಯಾಂಕ್ ತುಂಬಿಸುತ್ತಿತ್ತು, ಮತ್ತು ಅದರ ಸರದಿಗಾಗಿ ಜನ ಕೊಡ ಇಟ್ಟು ಕಾಯುತ್ತಿದ್ದರು. ನಾನು ಅಲ್ಲಿದ್ದ ಮೂರು ದಿನದಲ್ಲಿ ಇದನ್ನು ಕಂಡು, ಹಿಂತಿರುಗಿದ ಮೇಲೆ ಬಳಗದವರೊಡನೆ ಮಾತಾಡಿ, ಎರಡು ಗರಗಸ ಯಂತ್ರಗಳಿಗೆ ಆಗುವಷ್ಟು ಹಣ ಕಳುಹಿಸಿದೆವು. ಅಂದಿನಿಂದ ಈ ಕುಟುಂಬಗಳೊಡನೆ ಫೋನಿನ ನಂಟು ಉಳಿಯಿತು. ವರ್ಷಕ್ಕೊಮ್ಮೆ ಅವರು ಕೇಳಿದ್ದನ್ನು, ಅಂದರೆ ಒಂದು ವರ್ಷ ಉದ್ದಿನ ಬೀಜ, ಮತ್ತೊಂದು ವರ್ಷ ಸಸಿಗೆ ಗುಂಡಿ ತೋಡುವ ಕೂಲಿ, ನಮ್ಮ ಕೈಲಾದಷ್ಟು ಕೊಟ್ಟೆವು.

ಎರಡನೆಯ ದಿನ: ಚಿತ್ರದುರ್ಗದ ಮೂಲಕ ಹೊಸದುರ್ಗಕ್ಕೆ

ಬೆಳಿಗ್ಗೆ ಬೆಣ್ಣೆದೋಸೆ ತಿಂದು ಹೆದ್ದಾರಿ ಹಿಡಿದೆವು. ಚಿತ್ರದುರ್ಗ ಹತ್ತಿರವಾಗುತ್ತಿದ್ದಂತೆ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳ ಸಾಲು ಕಾಣಿಸಿತು. ಇಲ್ಲಿ ಗಾಳಿ ಎಷ್ಟು ವೇಗದಲ್ಲಿ ಬೀಸುತ್ತದೆ, ಈ ರೆಕ್ಕೆಗಳು ಮುರಿಯುವುದಿಲ್ಲವೇ ಎಂದು ಜೊತೆಗಿದ್ದ ಹೆಣ್ಣುಮಗಳು, ಆ ತಾಯಿ, ಕೇಳಿದರು. ಗಾಳಿ ಮಿತಿಮೀರಿದಾಗ ರೆಕ್ಕೆಗಳನ್ನು ಓರೆಯಾಗಿಸಿ ತಿರುಗುವುದನ್ನೇ ನಿಲ್ಲಿಸುವ ವ್ಯವಸ್ಥೆ ಅದರಲ್ಲಿರುತ್ತದೆ ಎಂದು ವಿವರಿಸಿದೆ. ಅವರು ಕಿಟಕಿಯಿಂದ ಮುಖ ತೆಗೆಯದೆ, ತೆಂಗಿಗೂ ಗರಿ ಮಡಚಿಕೊಳ್ಳಲು ಬರುವಂತಿದ್ದರೆ ಎಂದರು. ಕೋಟೆಯನ್ನು ಕೆಳಗಿನಿಂದಲೇ ನೋಡಿ, ಹಿರಿಯರ ಮೊಣಕಾಲಿನ ನೋವಿನಿಂದಾಗಿ ಹತ್ತದೆ, ಹೊಳಲ್ಕೆರೆಯ ದಾರಿಯಲ್ಲಿ ಹೊಸದುರ್ಗ ತಲುಪಿದಾಗ ಹನ್ನೊಂದೂವರೆ.

ಹೊಸದುರ್ಗದ ಹತ್ತಿರ ನನ್ನ ಬಂಧುಗಳ ತೋಟವಿದೆ. ತಿಪಟೂರು ಎತ್ತರದ ತಳಿಯ ಮರಗಳು, ಹೆಚ್ಚಿನವು ನಲವತ್ತು ದಾಟಿದವು. ತೋಟದೊಳಗೆ ಕಾಲಿಟ್ಟ ಕೂಡಲೇ ಮೂವರೂ ಮಾತು ನಿಲ್ಲಿಸಿದರು. ಆ ತಾಯಿ ಮೊದಲ ಮರದ ಬುಡದಲ್ಲಿ ನಿಂತು ಕತ್ತೆತ್ತಿ ಸುಳಿಯವರೆಗೆ ನೋಡಿ, ಎರಡನೆಯ ಮರಕ್ಕೆ ಹೋಗಿ ಹಾಗೆಯೇ ನೋಡಿ, ಹೀಗೆ ಒಂದು ಸಾಲು ಮುಗಿಸಿ ಬಂದರು. ಸಾಲಾಗಿ ನಿಂತ ಹಳೆಯ ತೋಟವನ್ನು ನೋಡಿ ಆರು ವರ್ಷವಾಯಿತು ಎಂದು ಯುವಕ ಮೆಲ್ಲಗೆ ನನಗೆ ತಿಳಿಸಿದ.

ಮಧ್ಯಾಹ್ನ ಎಳನೀರು ಕುಡಿಯುತ್ತ ಹಿರಿಯರು ಆ ರಾತ್ರಿಯ ಕಥೆ ಹೇಳಿದರು. ತೆಂಗಿಗೆ ತಾಯಿಬೇರಿಲ್ಲ, ಬೆರಳು ಗಾತ್ರದ ಸಾವಿರಾರು ಬೇರುಗಳು ಮೇಲ್ಮಣ್ಣಿನಲ್ಲೇ ಸುತ್ತ ಹರಡಿ ಮರವನ್ನು ಹಿಡಿದಿರುತ್ತವೆ. ಆ ಹಿಡಿತ ಸಾಧಾರಣದ್ದಲ್ಲ, ಅದಕ್ಕೇ ಕಡಲ ಗಾಳಿಗೆ ತೆಂಗು ಬಾಗುತ್ತದೆ, ಬೀಳುವುದಿಲ್ಲ ಎಂಬ ನಂಬಿಕೆ ಅವರ ತಾತನ ಕಾಲದಿಂದ ಇತ್ತು. ಆದರೆ ಅಂದು ಗಾಳಿ ಮೊದಲು ಒಂದು ದಿಕ್ಕಿನಿಂದ ಬೀಸಿ, ನಡುವೆ ಕೊಂಚ ತಗ್ಗಿ, ಮತ್ತೆ ಎದುರು ದಿಕ್ಕಿನಿಂದ ಬೀಸಿತು. ಒಂದು ಕಡೆಗೆ ಬಾಗಿ ಬೇರು ಸಡಿಲಗೊಂಡಿದ್ದ ಮರವನ್ನು ಇನ್ನೊಂದು ಕಡೆಗೆ ತಿರುಚಿದಾಗ ಕೆಲವು ಬುಡಸಮೇತ ಎದ್ದವು, ಕೆಲವು ನಡುವಿಗೆ ಮುರಿದವು. ಮನೆಯೊಳಗೆ ಕುಳಿತವರಿಗೆ ಮರ ಬೀಳುವ ಸದ್ದು ಒಂದೊಂದಾಗಿ ಕೇಳುತ್ತಿತ್ತು. ಹಿರಿಯರು ಎಣಿಸಲು ಶುರು ಮಾಡಿ, ಮೂವತ್ತರ ನಂತರ ಎಣಿಸುವುದನ್ನು ಬಿಟ್ಟರಂತೆ.

ಬೆಳಗಾದ ಮೇಲೆ ಸತ್ತವರ ಲೆಕ್ಕವನ್ನು ಸರ್ಕಾರ ತೆಗೆದುಕೊಂಡಿತು, ಮನೆ ಬಿದ್ದವರ ಲೆಕ್ಕವನ್ನೂ ತೆಗೆದುಕೊಂಡಿತು. ಮೊದಲೇ ಎಚ್ಚರಿಕೆ ಸಿಕ್ಕಿ ಸಾವಿರಾರು ಜನರನ್ನು ಪರಿಹಾರ ಕೇಂದ್ರಗಳಿಗೆ ಸಾಗಿಸಿದ್ದರಿಂದ ಪ್ರಾಣಹಾನಿ ಬಹಳ ತಗ್ಗಿತ್ತು ಎಂಬುದನ್ನು ಹಿರಿಯರು ಕೃತಜ್ಞತೆಯಿಂದಲೇ ಹೇಳಿದರು. ಅದು ಸಣ್ಣ ಸಾಧನೆಯಲ್ಲ. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತಿದ್ದರು. ಆ ಪೆಟ್ಟಿನಿಂದ ಪಾಠ ಕಲಿತ ಅದೇ ರಾಜ್ಯ 2019ರ ಮೇ 3ರಂದು ಪುರಿಯ ಬಳಿ ಫನಿ ಬಂದಾಗ ಹನ್ನೆರಡು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿ, ಸಾವಿನ ಸಂಖ್ಯೆಯನ್ನು ನೂರರ ಒಳಗೆ ಹಿಡಿದಿಟ್ಟಿತು. ನನ್ನ ಮಾತು ಇರುವುದು ಅದರ ಮುಂದಿನ ದಿನಗಳ ಬಗ್ಗೆ.

ಬಿದ್ದ ಪ್ರತಿ ತೆಂಗಿನ ಮರಕ್ಕೆ ತಮಿಳುನಾಡು ಸರ್ಕಾರ 600 ರೂಪಾಯಿ ಪರಿಹಾರವನ್ನೂ, ಕತ್ತರಿಸಿ ಸಾಗಿಸಲು 500 ರೂಪಾಯಿಯನ್ನೂ ಘೋಷಿಸಿತ್ತು, ಒಟ್ಟು 1,100. ಹಿರಿಯರು ಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ಲೆಕ್ಕ ತೋರಿಸಿದರು. ಒಳ್ಳೆಯ ಮರ ವರ್ಷಕ್ಕೆ ನೂರರ ಹತ್ತಿರ ಕಾಯಿ ಕೊಡುತ್ತದೆ. ಕಾಯಿಗೆ ಹತ್ತೇ ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ಒಂದು ಸಾವಿರ. ಅಂದರೆ ಕೈಗೆ ಬಂದದ್ದು ಹೆಚ್ಚುಕಡಿಮೆ ಒಂದು ವರ್ಷದ ಫಸಲಿನ ಬೆಲೆ. ಹೊಸ ಸಸಿ ನೆಟ್ಟರೆ ಎತ್ತರದ ತಳಿ ಹೊಂಬಾಳೆ ಬಿಡಲು ಆರೇಳು ವರ್ಷ ಬೇಕು, ತುಂಬು ಫಸಲಿಗೆ ಇನ್ನೂ ಕೆಲವು ವರ್ಷ. ಆ ನಡುವಿನ ವರ್ಷಗಳನ್ನು ಕಡ್ಡಿಯಿಂದ ಗೆರೆ ಗೆರೆಯಾಗಿ ಎಳೆದು, ಒಂದು ಗೆರೆಯ ಮೇಲೆ ಬೆರಳಿಟ್ಟು, ಈ ವರ್ಷ ಮಗ ಬೆಂಗಳೂರಿಗೆ ಹೋದ ಎಂದರು. ಇನ್ನೊಂದರ ಮೇಲೆ ಬೆರಳಿಟ್ಟು, ಈ ವರ್ಷ ಒಡವೆ ಹೋಯಿತು. ಮಗನೆಂದರೆ ನಮ್ಮೊಡನೆ ಇದ್ದ ಯುವಕನೇ. ತೋಟ ನೋಡಿಕೊಳ್ಳುವ ಆಸೆಯಿಂದ ಊರಿನಲ್ಲೇ ಉಳಿದಿದ್ದ ಅವನು ಗಜ ಬಂದ ಮರುವರ್ಷ ಬೆಂಗಳೂರಿನಲ್ಲಿ ಕಾರು ಓಡಿಸಲು ಹೋಗಿ, ಅಲ್ಲೇ ಕನ್ನಡ ಕಲಿತದ್ದು.

ನಿಂತ ಮರಗಳ ಕಥೆಯೂ ಸುಲಭವಲ್ಲ ಎಂದು ನಮ್ಮ ಬಂಧು ತಮ್ಮ ಅನುಭವ ಸೇರಿಸಿದರು. ತೆಂಗಿನ ಹೊಂಬಾಳೆ ಹೊರಗೆ ಕಾಣುವ ಎರಡೂವರೆ ವರ್ಷಕ್ಕೂ ಮೊದಲೇ ಸುಳಿಯೊಳಗೆ ಅದರ ಮೊಳಕೆ ಮೂಡಿರುತ್ತದೆ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ಆದ್ದರಿಂದ ಇಂದು ಮರಕ್ಕೆ ಬಿದ್ದ ಪೆಟ್ಟು, ಅದು ಗಾಳಿಯದಾಗಲಿ ಬರದ್ದಾಗಲಿ, ಮೂರು ಮೂರೂವರೆ ವರ್ಷದವರೆಗೂ ಫಸಲಿನಲ್ಲಿ ಕಾಣುತ್ತಲೇ ಇರುತ್ತದೆ. ಮರ ಹಸಿರಾಗಿದೆ, ರೈತ ಚೇತರಿಸಿಕೊಂಡ ಎಂದು ರಸ್ತೆಯಲ್ಲಿ ಹೋಗುವವರಿಗೆ ಅನ್ನಿಸುವ ಹೊತ್ತಿಗೆ ಆತ ಅತ್ಯಂತ ಕಡಿಮೆ ಕಾಯಿ ಇಳಿಸುತ್ತಿರುತ್ತಾನೆ. ಇದನ್ನು ಕೇಳಿದಾಗ ನಮ್ಮ ಬಳಗ 2021ರಲ್ಲಿ ಇನ್ನು ಸಾಕೆಂದು ನೆರವು ನಿಲ್ಲಿಸುವ ಮಾತಾಡಿದ್ದು ನನಗೆ ನೆನಪಾಯಿತು. ಕೊರೋನಾದಿಂದ ಇಲ್ಲಿಯೂ ಕೈ ಬಿಗಿಯಾಗಿತ್ತು ಎಂಬುದು ನಿಜ. ಆದರೆ ಅಲ್ಲಿ ಅದು ಅತ್ಯಂತ ತೆಳುವಾದ ವರ್ಷವಾಗಿತ್ತು. ಬಳಗದ ನಿವೃತ್ತ ಶಿಕ್ಷಕಿಯೊಬ್ಬರು ಅಂದು ಹಠ ಹಿಡಿಯದಿದ್ದರೆ ನಾವು ನಿಲ್ಲಿಸಿಯೇ ಬಿಡುತ್ತಿದ್ದೆವು.

ರಾತ್ರಿ ಜಗಲಿಯಲ್ಲಿ ಕುಳಿತಾಗ ನಾನು ದೂರದ ಒಂದು ದ್ವೀಪದ ವಿಷಯ ಹೇಳಿದೆ. ನಾವು ಚಂಡಮಾರುತ ಎನ್ನುವುದನ್ನೇ ಅಟ್ಲಾಂಟಿಕ್ ಕಡೆಯವರು ಹರಿಕೇನ್ ಎನ್ನುತ್ತಾರೆ. 2017ರ ಸೆಪ್ಟೆಂಬರ್ 20ರಂದು ಮರಿಯಾ ಎಂಬ ಹರಿಕೇನ್ ಪ್ಯೂರ್ಟೊ ರಿಕೊ ದ್ವೀಪವನ್ನು ಹಾದುಹೋದಾಗ ಸತ್ತವರು 64 ಎಂದು ಸರ್ಕಾರ ಹೇಳಿತ್ತು. ಮರುವರ್ಷ ಅಧ್ಯಯನ ನಡೆಸಿ, ನಂತರದ ತಿಂಗಳುಗಳ ಸಾವನ್ನೂ ಸೇರಿಸಿ, ಅದೇ ಸರ್ಕಾರ ಆ ಸಂಖ್ಯೆಯನ್ನು 2,975 ಎಂದು ತಿದ್ದಿತು. ದ್ವೀಪದ ಎಲ್ಲ ಮನೆಗಳಿಗೂ ವಿದ್ಯುತ್ ಮರಳಲು ಹನ್ನೊಂದು ತಿಂಗಳು ಹಿಡಿಯಿತು. ವಿದ್ಯುತ್ತಿಲ್ಲದೆ, ಔಷಧಿಯಿಲ್ಲದೆ, ರಸ್ತೆಯಿಲ್ಲದೆ, ಹೆಚ್ಚಾಗಿ ವಯಸ್ಸಾದವರು ಮತ್ತು ಬಡವರು, ಬಿರುಗಾಳಿ ಹೋದ ಮೇಲೆ ನಿಧಾನವಾಗಿ ತೀರಿಕೊಂಡರು. ಯುವಕ ಅದನ್ನು ತಮಿಳಿನಲ್ಲಿ ಹೇಳಿ ಮುಗಿಸಿದ ಮೇಲೆ ಹಿರಿಯರು ತಮ್ಮ ಬೀದಿಯ ಇಬ್ಬರ ಹೆಸರು ಹೇಳಿದರು. ಅವರಿಬ್ಬರೂ ಗಜದ ಪಟ್ಟಿಯಲ್ಲಿಲ್ಲ. ಬಿರುಗಾಳಿ ಹೋದ ಮುಂದಿನ ಬೇಸಿಗೆಯೊಳಗೆ ಹೋದವರು.

ಮೂರನೆಯ ದಿನ: ವಾಣಿವಿಲಾಸ ಸಾಗರ, ಹಿರಿಯೂರು

ವಾಣಿವಿಲಾಸ ಸಾಗರದ, ಅಂದರೆ ಮಾರಿಕಣಿವೆಯ, ಅಣೆಕಟ್ಟೆಯ ಮೇಲೆ ನಿಂತಾಗ ನೀರು ಕಣ್ಣು ಹಾಯುವಷ್ಟು ದೂರ ಬೆಟ್ಟಗಳ ಸಂದುಗಳಲ್ಲಿ ಹೊಕ್ಕಿತ್ತು. ಹಿಂದಿನ ತಿಂಗಳಷ್ಟೇ ಕೋಡಿ ಬಿದ್ದಿತ್ತು. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಜಲಾಶಯ ಮೊದಲ ಬಾರಿಗೆ 130 ಅಡಿ ತುಂಬಿ ಕೋಡಿ ಹರಿದದ್ದು 1933ರಲ್ಲಿ. ಎರಡನೆಯ ಬಾರಿಗೆ ಹರಿದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಮೂರನೆಯದು ಈ 2025ರ ಜನವರಿಯಲ್ಲಿ. ಇಷ್ಟು ನೀರಿರುವ ಊರಿನಲ್ಲಿ ಬರದಿಂದ ತೆಂಗು ಒಣಗಿತು ಎಂದರೆ ಯಾರು ನಂಬುತ್ತಾರೆ ಎಂದು ಆ ತಾಯಿ ಕೇಳಿದರು. ಅವರ ಊರಿನಲ್ಲಿಯೂ ಈಗ ಬಂದು ನೋಡುವವರು ಗಜದ ಬಗ್ಗೆ ಹಾಗೆಯೇ ಕೇಳುತ್ತಾರಂತೆ.

ಹಿರಿಯೂರಿನ ಹತ್ತಿರ ಹತ್ತು ಕಾಯಿಗಳಿಗಾಗಿ ಕಾಯುತ್ತಿದ್ದ ರೈತ ದಂಪತಿಯ ತೋಟ ಜಲಾಶಯದ ನಾಲೆಯ ಅಂಚಿನಲ್ಲೇ ಇದೆ. 2016ರಿಂದ ಮಳೆ ಮತ್ತೆ ಮತ್ತೆ ಕೈಕೊಟ್ಟು, ಜಲಾಶಯ ತಳ ಕಂಡು, ನಾಲೆ ಒಣಗಿದಾಗ ಅವರು ಒಂದರ ಮೇಲೊಂದು ಕೊಳವೆಬಾವಿ ಕೊರೆಸಿದರು, ಟ್ಯಾಂಕರಿನಲ್ಲಿ ನೀರು ತಂದು ಮರಕ್ಕೆ ಎರೆದರು, ಮತ್ತೆ ಸಾಲ ಮಾಡಿದರು. ಸುಳಿ ಬಾಗಿ, ಗರಿ ಜೋತು, ಕೊನೆಗೆ ತಲೆಯೇ ಕಳಚಿ ಬಿದ್ದು, ತೋಟದ ತುಂಬ ಕಂಬದಂತೆ ನಿಂತ ಬೋಳು ಮರಗಳನ್ನು ಇಟ್ಟಿಗೆ ಗೂಡಿಗೆ ಮಾರಿದರು. ಇಟ್ಟಿಗೆ ಗೂಡು ಎಂಬ ಮಾತನ್ನು ಯುವಕ ಅನುವಾದಿಸಿದ ಕೂಡಲೇ ಹಿರಿಯರು ತಲೆ ಎತ್ತಿ ನೋಡಿದರು, ಏಕೆಂದರೆ ಅವರ ಮರಗಳೂ ಹೋದದ್ದು ಅಲ್ಲಿಗೇ. ಒಂದು ಕಡೆ ಒಂದೇ ರಾತ್ರಿಯ ಗಾಳಿ, ಇನ್ನೊಂದು ಕಡೆ ಮೂರು ವರ್ಷದ ಬಿಸಿಲು. ಆದರೆ ಲಾರಿಗೆ ಎಷ್ಟು ಮರ, ಮರಕ್ಕೆ ಎಷ್ಟು ರೂಪಾಯಿ ಎಂಬ ಮಾತಿಗೆ ಬಂದಾಗ ಇಬ್ಬರ ಬಾಯಲ್ಲೂ ಹೆಚ್ಚುಕಡಿಮೆ ಅದೇ ಅಲ್ಪ ಬೆಲೆ ಬಂತು.

ಇಲ್ಲಿಂದ ಮುಂದೆ ನಾನು ಮಾತಾಡುವ ಅಗತ್ಯವೇ ಬರಲಿಲ್ಲ. ಬಿದ್ದ ಮರವನ್ನು ತೋಟದಲ್ಲೇ ಕೊಳೆಯಲು ಬಿಟ್ಟರೆ ಅದರಲ್ಲಿ ಕುರುವಾಯಿ ದುಂಬಿ ಮೊಟ್ಟೆಯಿಟ್ಟು, ಮರಿಯಾಗಿ, ಉಳಿದ ಮರಗಳ ಸುಳಿಗೆ ಹತ್ತುತ್ತದೆ. ಆದ್ದರಿಂದ ಮೊದಲ ಕೆಲಸ ತೋಟ ಶುಚಿ ಮಾಡುವುದು. ಪೇರಾವೂರಣಿಯಲ್ಲಿ ಎಲ್ಲರ ತೋಟವೂ ಒಟ್ಟಿಗೆ ಬಿದ್ದದ್ದರಿಂದ ಯಂತ್ರ ಸಿಗದೆ, ಕೂಲಿ ಸಿಗದೆ, ಎಷ್ಟೋ ತೋಟಗಳಲ್ಲಿ ಆ ಕೆಲಸ ವರ್ಷ ಹಿಡಿಯಿತು. ಸಸಿ ಬೆಳೆಯುವವರೆಗೆ ನಡುವೆ ಏನು ಹಾಕಿದಿರಿ ಎಂದು ಹಿರಿಯೂರಿನ ರೈತರು ಕೇಳಿದರು. ಉದ್ದು, ಎಳ್ಳು, ಕಡಲೆಕಾಯಿ, ನೀರಿದ್ದ ಕಡೆ ಬಾಳೆ ಎಂದು ಅವರು ಹೇಳಿದರು. ಇವರು ಇಲ್ಲಿ ಈರುಳ್ಳಿ ಹಾಕಿ ಒಂದು ವರ್ಷ ಗೆದ್ದು ಎರಡು ವರ್ಷ ಸೋತದ್ದನ್ನು ಹೇಳಿದರು.

ಅಡುಗೆಮನೆಯ ಕಡೆ ಇಬ್ಬರು ಹೆಂಗಸರ ಮಾತು ಬೇರೆಯೇ ದಾರಿ ಹಿಡಿದಿತ್ತು. ಇವರಿಗೆ ತಮಿಳು ಬಾರದು, ಅವರಿಗೆ ಕನ್ನಡ ಬಾರದು. ಆದರೂ ವಾರದ ಕಂತು, ಸಂಘ, ಬಡ್ಡಿ ಎಂಬ ಪದಗಳು ಇಬ್ಬರಿಗೂ ಅರ್ಥವಾಗುತ್ತಿದ್ದವು. ಕತ್ತಲೆಯ ಆ ವಾರಗಳಲ್ಲೂ ಕಿರುಸಾಲದ ಸಂಸ್ಥೆಯೊಂದರ ವಸೂಲಿಗಾರ ಟಾರ್ಚ್ ಹಿಡಿದು ಬಾಗಿಲಿಗೆ ಬಂದು, ಆಚೆ ಮನೆಯವರ ಪಾಲನ್ನೂ ನೀವೇ ಕಟ್ಟಬೇಕೆಂದು ಕೂರುತ್ತಿದ್ದುದನ್ನು ಆ ತಾಯಿ ಕೈಸನ್ನೆಯಲ್ಲೇ ತೋರಿಸಿದರು. ಗಂಡ ತೀರಿಕೊಂಡ ಮೇಲೆ ಎರಡು ಎಕರೆ ತೋಟವನ್ನು ಒಬ್ಬರೇ ನಡೆಸುತ್ತಿರುವ ಅವರು ನಮ್ಮ ಬಳಗದ ಹಣದಿಂದ ಮಾಡಿದ ಮೊದಲ ಕೆಲಸ ಗುಂಡಿ ತೋಡಿಸಿದ್ದಲ್ಲ, ಆ ಸಾಲದ ಎರಡು ಕಂತು ಕಟ್ಟಿದ್ದು ಎಂದು ಇಂದು ನನ್ನ ಮುಂದೆ ಮೊದಲ ಬಾರಿಗೆ ಹೇಳಿದರು. ಹೇಳುವಾಗ ಅಂಜಿದರು. ಅಂಜಬೇಕಾದ್ದೇನೂ ಅದರಲ್ಲಿರಲಿಲ್ಲ; ಅಂದು ಆ ಎರಡು ಕಂತು ಕಟ್ಟಿದ್ದರಿಂದಲೇ ಅವರ ಜಮೀನು ಮಾರಾಟವಾಗದೆ ಉಳಿಯಿತು. ಕೊಟ್ಟ ಹಣ ಇಂಥದ್ದಕ್ಕೇ ಹೋಗಬೇಕೆಂದು ದೂರದಲ್ಲಿ ಕುಳಿತು ಗೆರೆ ಹಾಕಿದ್ದು ನಮ್ಮ ಅವಸರವಾಗಿತ್ತು. ಯಾವ ಮನೆಗೆ ಯಾವುದು ಮೊದಲು ಬೇಕು ಎಂದು ಆ ಮನೆಯಲ್ಲಿ ಕುಳಿತು ಕೇಳುವ ಕೆಲಸವನ್ನು ಅಮೆರಿಕದಲ್ಲಿ ಹರಿಕೇನ್ ಬಂದ ಊರುಗಳಲ್ಲಿ ಚರ್ಚುಗಳು, ಸೇವಾ ಸಂಘಗಳು ಸೇರಿ ಕಟ್ಟಿಕೊಳ್ಳುವ ದೀರ್ಘಕಾಲದ ಚೇತರಿಕೆಯ ಗುಂಪುಗಳು ಮಾಡುತ್ತವೆ. ಸರ್ಕಾರದ ಪರಿಹಾರ ಮುಗಿದ ಮೇಲೂ ಉಳಿದ ಕೊರತೆಯನ್ನು ಒಂದೊಂದು ಕುಟುಂಬದ ಲೆಕ್ಕದಲ್ಲಿ ಬರೆದಿಟ್ಟುಕೊಂಡು ವರ್ಷಗಟ್ಟಲೆ ಹಿಂಬಾಲಿಸುವ ಕೆಲಸ ಅದು. ನಮ್ಮಲ್ಲಿ ಅದಕ್ಕೆ ಹೊಸ ಹೆಸರು ಬೇಕಿಲ್ಲ, ನೆಂಟರ ಮನೆಗೆ ಹೋಗಿ ವಿಚಾರಿಸುವ ರೂಢಿಯನ್ನು ಸ್ವಲ್ಪ ದೂರಕ್ಕೆ ಚಾಚಿದರೆ ಸಾಕು.

ಮಧ್ಯಾಹ್ನದ ಮೇಲೆ ಬಬ್ಬೂರು ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗಿ ಬಂದೆವು. ಅಲ್ಲಿನವರು ಹಿರಿಯರ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟರು. ಏಳೂವರೆ ಮೀಟರ್ ಅಂತರ, ಒಂದು ಮೀಟರ್ ಗುಂಡಿ, ಎಕರೆಗೆ ಎಪ್ಪತ್ತು ಸಸಿ ಎಂಬುದು ಹಿರಿಯರಿಗೆ ಗೊತ್ತಿದ್ದದ್ದೇ. ಸಿಪ್ಪೆ ಹೂತು ತೇವ ಹಿಡಿದಿಡುವ ಬರದ ನಾಡಿನ ಕ್ರಮವನ್ನು ಮಾತ್ರ ಅವರು ಗಮನವಿಟ್ಟು ಕೇಳಿಕೊಂಡರು. ಸುರುಳಿ ಬಿಳಿನೊಣದ ಕಾಟ ಎರಡೂ ಕಡೆ ಇರುವುದರಿಂದ ಊರಿಂದೂರಿಗೆ ಗರಿ ಬಿಟ್ಟ ಸಸಿ ಸಾಗಿಸಬೇಡಿ, ಬಿತ್ತನೆಗಾಯಿ ತಂದದ್ದು ಒಳ್ಳೆಯದಾಯಿತು ಎಂದಾಗ ಹಿರಿಯರಿಗೆ ಆದ ಸಂತೋಷ ದೊಡ್ಡದು.

ಸಂಜೆ ಯುವಕ ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. 2019ರ ಐಪ್ಪಸಿ ತಿಂಗಳಲ್ಲಿ, ಅಂದರೆ ನಮ್ಮ ದೀಪಾವಳಿಯ ಹೊತ್ತಿಗೆ, ನೆಟ್ಟ ಸಸಿಗಳಲ್ಲಿ ಮೂರು ಈ ಸಂಕ್ರಾಂತಿಗೆ ಹೊಂಬಾಳೆ ಬಿಟ್ಟಿವೆ. ಅವರ ಕಡೆ ಸಸಿಯನ್ನು ತೆನ್ನಂಪಿಳ್ಳೈ, ಅಂದರೆ ತೆಂಗಿನ ಮಗು ಎನ್ನುತ್ತಾರೆ. ಹೆತ್ತ ಮಗು ಅನ್ನ ಹಾಕದಿದ್ದರೂ ತೆಂಗಿನ ಮಗು ಹಾಕುತ್ತದೆ ಎಂಬ ಗಾದೆಯೂ ಇದೆ. ಅದನ್ನು ಹೇಳಿದವರು ಹಿರಿಯರೇ. ಹೇಳಿದ ಮರುಕ್ಷಣ ಮಗನ ಬೆನ್ನ ಮೇಲೆ ಕೈಯಿಟ್ಟು, ಇವನು ಎರಡೂ ಕಡೆ ಹಾಕಿದ್ದಾನೆ ಎಂದರು. ಬೆಂಗಳೂರಿನಿಂದ ತಿಂಗಳು ತಿಂಗಳು ಬಂದ ಹಣದಿಂದಲೇ ಆ ಸಸಿಗಳಿಗೆ ನೀರು ಹರಿದದ್ದು. ಇನ್ನೆರಡು ವರ್ಷದಲ್ಲಿ ಊರಿಗೆ ಮರಳುವ ಲೆಕ್ಕ ಹಾಕಿಕೊಂಡಿದ್ದಾನೆ; ಎರಡು ವರ್ಷವೇ ಏಕೆ ಎಂದು ಕೇಳಿದ್ದಕ್ಕೆ, ಆಗ ಮನೆಯ ಕರ್ಚಿಗೆ ಆಗುವಷ್ಟು ಕಾಯಿ ಬರುತ್ತದೆ ಎಂದ.

ನಾಲ್ಕನೆಯ ದಿನ: ಹಿರಿಯೂರು

ಹತ್ತು ಗಂಟೆಯ ಬೆಂಗಳೂರು ಬಸ್ಸಿಗೆ ಅವರು ಹೊರಡಬೇಕಾಗಿತ್ತು. ಬೆಳಕು ಹರಿಯುವ ಮೊದಲೇ ಎದ್ದು ರೈತ ದಂಪತಿ ಬೇವಿನ ನೆರಳಿನಲ್ಲಿ ಮರಳಿನ ಮಡಿ ಸಿದ್ಧ ಮಾಡಿಟ್ಟಿದ್ದರು. ಹಿರಿಯರು ಚೀಲ ಬಿಚ್ಚಿದರು. ಡಿಸೆಂಬರಿನಲ್ಲಿ ಹಗ್ಗ ಕಟ್ಟಿ ನೆಲಕ್ಕೆ ಬೀಳದಂತೆ ಇಳಿಸಿ, ಎರಡು ತಿಂಗಳು ನೆರಳಿನಲ್ಲಿ ಇಟ್ಟು ತಂದ ಕಾಯಿಗಳು. ಸಿಪ್ಪೆ ಕಂದಾಗಿತ್ತು. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರು ಕುಲುಕುವುದನ್ನು ಕೇಳಿ, ರೈತರ ಕೈಗೆ ಕೊಟ್ಟರು. ಅವರೂ ಕಿವಿಗಿಟ್ಟು ಕೇಳಿ ಮಡಿಯ ಬಳಿ ಇಟ್ಟರು. ಏಳನೆಯ ಕಾಯಿ ಸದ್ದು ಮಾಡಲಿಲ್ಲ. ಇಬ್ಬರೂ ಮತ್ತೊಮ್ಮೆ ಅಲ್ಲಾಡಿಸಿ ನೋಡಿದರು, ಆ ತಾಯಿಯೂ ನೋಡಿದರು. ನೀರು ಬತ್ತಿದ ಕಾಯಿ ಮೊಳೆಯುವುದಿಲ್ಲ. ಅದನ್ನು ಮನೆಯೊಡತಿ ಒಳಗೆ ತೆಗೆದುಕೊಂಡು ಹೋಗಿ ದೇವರ ಮುಂದೆ ಇಟ್ಟು ಬಂದರು.

ಉಳಿದ ಒಂಬತ್ತನ್ನು ಮೊಳ ಅಂತರದಲ್ಲಿ, ಮೇಲ್ಭಾಗ ಕಾಣುವಷ್ಟು ಮರಳಿನಲ್ಲಿ ಹೂತರು. ದಾವಣಗೆರೆಯಿಂದ ನಾನು ತಂದಿದ್ದ ಪಟ್ಟಿ ಪುಸ್ತಕದಲ್ಲಿ, ನಮ್ಮ ಬಳಗ ಈ ಆರು ವರ್ಷ ಕಳುಹಿಸಿದ್ದರ ಲೆಕ್ಕ ಬರೆದ ಅದೇ ಪುಸ್ತಕದಲ್ಲಿ, ಬಂದದ್ದರ ಕಡೆಯ ಪುಟ ಖಾಲಿಯಿತ್ತು. ಅಲ್ಲಿ ತಾರೀಖು ಹಾಕಿ ಒಂಬತ್ತು ಎಂದು ಬರೆದೆ. ಹಿರಿಯರು ಕನ್ನಡದ ಅಂಕಿಯನ್ನು ನೋಡಿ, ಪಕ್ಕದಲ್ಲಿ ಹತ್ತು ಎಂದು ಬರೆಯಿರಿ, ಅದು ದೇವರ ಮನೆಯಲ್ಲಿದೆ ಎಂದರು. ಬರೆದೆ. ರೈತರು ನಾಲೆಯಿಂದ ಬಿಂದಿಗೆಯಲ್ಲಿ ನೀರು ತಂದು, ಮಡಿಯ ಮೇಲೆ ಕೈಯಡ್ಡ ಹಿಡಿದು, ಮರಳು ಕದಡದಂತೆ ಸುರಿಯತೊಡಗಿದರು.